ಹಿಂದಿನ ಸೀಟಿನ ಕೆಳಗಿನ ಬ್ಯಾಟರಿ

"ಬ್ಯಾಟರಿನೇ ಇಲ್ಲದ ಕಾರು ಓಡುತ್ತಾ ಆಂಟಿ? ನೀವೇ ಹೇಳಿ."

ಬಾಗಿಲು ತೆಗೆದ ಡ್ರಾಯಿಂಗ್ ಮೇಷ್ಟ್ರು ಪಕ್ಕಕ್ಕೆ ಸರಿದು ನಿಂತರು. ಹೊಸಿಲಾಚೆ ನಿಂತವಳು ಹಿಂದಿನ ಬೀದಿಯ ಡ್ರೈವರಜ್ಜನ ಮಗಳು, ಬೇರೆ ಮನೆ ಮಾಡಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವಳು. ಅತ್ತು ಅತ್ತು ಅವಳ ದನಿ ಒಡೆದುಹೋಗಿತ್ತು. ಅವಳು ಕೇಳಿದ್ದು ಮೇಷ್ಟ್ರನ್ನಲ್ಲ, ಅವರ ಬೆನ್ನ ಹಿಂದೆ ಬಂದು ನಿಂತಿದ್ದ ಹೆಂಡತಿಯನ್ನು.

ಆ ಹೆಂಡತಿಯನ್ನು ಬಡಾವಣೆಯವರೆಲ್ಲ ಸರ್ವೇಯರಮ್ಮ ಎನ್ನುತ್ತಿದ್ದರು. ವಿಮಾ ಕಂಪನಿಯ ಪರವಾಗಿ ನುಜ್ಜುಗುಜ್ಜಾದ ಗಾಡಿಗಳನ್ನು ಪರೀಕ್ಷಿಸಿ, ತಪ್ಪು ಯಾರದು ಎಂದು ಹೇಳುವುದು ಅವರ ಕಸುಬಾಗಿತ್ತು. ಅವರು ಕೆಲಸ ಬಿಟ್ಟರೂ ಕೆಲಸ ಅವರನ್ನು ಬಿಟ್ಟಿರಲಿಲ್ಲ. ಕಳುವಾದ ಸರವಾಗಲಿ, ಕಾಣೆಯಾದ ಬೆಕ್ಕಾಗಲಿ, ಜನ ಅವರ ಬಾಗಿಲಿಗೇ ಬರುತ್ತಿದ್ದರು. ಸ್ಥಳದ ಚಿತ್ರ ಬರೆದುಕೊಡುವುದು ಮೇಷ್ಟ್ರ ಪಾಲು. "ತಲೆ ಅವಳದು, ಪೆನ್ಸಿಲ್ಲು ನನ್ನದು" ಎಂದು ನಗುತ್ತಿದ್ದರು. ಅಂದು ಮಾತ್ರ ನಗು ಬರಲಿಲ್ಲ. ಡ್ರೈವರಜ್ಜ ಅವರ ಹಳೆಯ ಗೆಳೆಯ.

"ಕೂತ್ಕೋ. ಮೊದಲಿಂದ ಹೇಳು" ಎಂದರು ಸರ್ವೇಯರಮ್ಮ.

ಅವಳು ಹೇಳಿದ್ದು ಇಷ್ಟು. ಅಪ್ಪನಿಗೆ ಮರೆವಿನ ಕಾಯಿಲೆ. ಜೀವಮಾನವೆಲ್ಲ ಬಸ್ಸು ಓಡಿಸಿದ ಮನುಷ್ಯ ಹೋದ ವರ್ಷ ಕಾರನ್ನು ಪಕ್ಕದ ಮನೆಯ ಗೇಟಿಗೆ ಗುದ್ದಿದ್ದ. ಅಂದೇ ಅವಳು ನಿಂತು ಬ್ಯಾಟರಿ ಬಿಚ್ಚಿಸಿ, ಗುಜರಿಗೆ ಹಾಕೆಂದು ಅಮ್ಮನಿಗೆ ಒಪ್ಪಿಸಿದ್ದಳು. ಆಮೇಲೆ ಕಾರು ಶೆಡ್ಡಿನಲ್ಲೇ ಇತ್ತು. ಈಗ ಅದನ್ನು ಕೊಳ್ಳಲು ಒಬ್ಬ ಗಿರಾಕಿ ಬರುವವನಿದ್ದ. ಬರಬೇಕಿದ್ದ ದಿನ ಬೆಳಗ್ಗೆ ಕಾರು ಶೆಡ್ಡಿನಿಂದ ಹೊರಟು, ಇಳಿಜಾರಿನ ಓಣಿಯಲ್ಲಿ ಓಡಿ, ಮೋರಿಯ ಕಲ್ಲಿನ ಗೋಡೆಗೆ ಬಡಿದಿತ್ತು. ಸ್ಟಿಯರಿಂಗ್ ಎದೆಗೊತ್ತಿ ಅಜ್ಜ ಅಲ್ಲೇ ಸತ್ತಿದ್ದರು.

"ಪೊಲೀಸರು ಅಪಘಾತ ಅಂತಾರೆ. ಬಾನೆಟ್ ತೆಗೆದು ನೋಡಿದೆ ಆಂಟಿ, ಬ್ಯಾಟರಿ ಜಾಗ ಖಾಲಿ! ಯಾರೋ ಬೇಕಂತಲೇ ಏನೋ ಮಾಡಿದ್ದಾರೆ."

ಮೂವರೂ ಅಜ್ಜನ ಮನೆಗೆ ಹೋದರು. ಜಜ್ಜಿದ ಕಾರನ್ನು ಎಳೆದು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ್ದರು. ಸರ್ವೇಯರಮ್ಮ ಸೆರಗು ಸಿಕ್ಕಿಸಿಕೊಂಡು ಒಂದು ಸುತ್ತು ಬಂದರು. ಬಾನೆಟ್ಟಿನೊಳಗೆ ತುಕ್ಕು ಹಿಡಿದ ಖಾಲಿ ತಟ್ಟೆ. ಅಲ್ಲಿಂದ ದಪ್ಪನೆಯ ಕೇಬಲ್ಲೊಂದು ಒಳಕ್ಕೆ ನುಗ್ಗಿ, ಕಾಲಡಿಯ ಹಾಸಿನ ಕೆಳಗೆ ಹಿಂದಕ್ಕೆ ಸಾಗಿತ್ತು. ಅವರು ಹಿಂದಿನ ಸೀಟು ಎತ್ತಿದರು.

ಅಲ್ಲಿತ್ತು ಬ್ಯಾಟರಿ, ಬೆಲ್ಟಿನಿಂದ ಬಿಗಿದು ಕಟ್ಟಿತ್ತು. ಒಂದು ತುದಿಗೆ ಮುಂದಿನಿಂದ ಬಂದ ಕೇಬಲ್ಲು. ಇನ್ನೊಂದು ತುದಿಯಿಂದ ಗಿಡ್ಡ ವೈರೊಂದು ಕಾರಿನ ಮೈಗೆ, ಕೈಯಿಂದಲೇ ತಿರುಗಿಸಿ ಬಿಚ್ಚಬಹುದಾದ ರೆಕ್ಕೆ ನಟ್ಟಿನಲ್ಲಿ.

"ಚಿಕ್ಕಪ್ಪ!" ಎಂದು ಮಗಳು ಚೀರಿದಳು. "ಇದು ಅವರದ್ದೇ ಕೆಲಸ. ಅಪ್ಪನ್ನ ಕೈದಿ ಥರ ಇಟ್ಟಿದ್ದೀಯ ಅಂತ ನನ್ನ ಮೇಲೆ ಕೂಗಾಡಿದ್ರು. 'ಅಣ್ಣ, ನೀನು ಹ್ಞೂಂ ಅನ್ನು, ಎರಡು ವೈರ್ ಎಳೆದು ಓಡಿಸಿಕೊಡ್ತೀನಿ' ಅಂತ ಎಲ್ಲರ ಮುಂದೆ ಹೇಳಿದ್ರು. ನಾಳೆ ಸ್ಟೇಷನ್ನಿಗೆ ಹೋಗಿ ಹೆಸರು ಕೊಡ್ತೀನಿ!"

ಅಜ್ಜನ ತಮ್ಮ ಗಾಡಿಗಳ ವೈರಿಂಗ್ ರಿಪೇರಿ ಮಾಡುವವನು. ಮಾತು ಒರಟು, ಮನಸ್ಸು ಹತ್ತಿ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಆದರೂ ಎದುರಿಗಿದ್ದದ್ದನ್ನು ಅಲ್ಲಗಳೆಯುವುದು ಹೇಗೆ?

"ರೀ, ಬರ್ಕೊಳ್ಳಿ" ಎಂದರು ಸರ್ವೇಯರಮ್ಮ. ಮೇಷ್ಟ್ರು ಬರೆಯತೊಡಗಿದರು. ಕೇಬಲ್ಲು ತಗಡಿನ ತೂತಿನಲ್ಲಿ ನುಸುಳುವ ಕಡೆ ಉಜ್ಜಿ ಸವೆಯದಂತೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿತ್ತು. ಉದ್ದ ಸಾಲದೆ ಎರಡು ತುಂಡು ಜೋಡಿಸಿದ್ದರು. ಜೋಡಣೆಯ ಮೇಲೆ ಟೇಪು, ಅದರ ಮೇಲೆ ದಪ್ಪ ಬಟ್ಟೆ. ಬಟ್ಟೆಯ ಅಂಚಿಗೆ ಒತ್ತೊತ್ತಾಗಿ ಹೊಲಿಗೆ, ಒಂದೊಂದು ಎಳೆಯ ತಲೆಗೂ ಪುಟ್ಟ ಗಂಟು. ಮೇಷ್ಟ್ರು ಆ ಗಂಟುಗಳನ್ನೂ ಬಿಡದೆ ಬರೆದರು. ಬ್ಯಾಟರಿಯ ತಳದಲ್ಲಿ ತುಕ್ಕಿನ ಚೌಕವಿತ್ತು. ಮುಂದಿನ ತಟ್ಟೆಯ ಅಂಚಿಗೆ ಅದು ಸರಿಯಾಗಿ ಹೊಂದುತ್ತಿತ್ತು.

ಸರ್ವೇಯರಮ್ಮ ಕೂತು ಟೈರುಗಳನ್ನು ಸವರಿದರು. ಮುಂದಿನವೆರಡು ನಿಂತು ನಿಂತು ಒಂದು ಕಡೆ ಚಪ್ಪಟೆಯಾಗಿದ್ದವು. ಹಿಂದಿನವು ದುಂಡಗೇ ಇದ್ದವು. ಆಮೇಲೆ ಕಿಲೋಮೀಟರು ನೋಡಿ, "ಬ್ಯಾಟರಿ ತೆಗೆದಾಗ ಎಷ್ಟು ಓಡಿತ್ತು?" ಎಂದರು.

ಆಗಲೇ ಮಾರುವ ಯೋಚನೆಯಿಂದ ತೆಗೆದ ಫೋಟೋ ಮಗಳ ಫೋನಿನಲ್ಲಿತ್ತು. ನೋಡಿದರೆ, ಒಂದು ಊರಿನಿಂದ ದೂರದ ಇನ್ನೊಂದು ಊರಿಗೆ ಹೋಗಿಬರುವಷ್ಟು ಹೆಚ್ಚಾಗಿತ್ತು. "ಇದು ಶೆಡ್ಡು ಬಿಟ್ಟು ಕದಲಿಲ್ಲ ಆಂಟಿ. ಕಾರು ಆಚೆ ಬಂದಿದ್ದರೆ ಬೀದಿಯವರು ಸುಮ್ಮನಿರ್ತಿದ್ರಾ?"

ಶೆಡ್ಡಿನ ನೆಲದ ಮೇಲೆ, ಎಣ್ಣೆ ಕಲೆಗಳ ನಡುವೆ, ಎರಡು ಚೌಕ ಬೆಳ್ಳಗಿದ್ದವು. ಗೋಡೆ ಪಕ್ಕ ಎರಡು ಮರದ ದಿಮ್ಮಿ, ಜಾಕು, ಪೊರಕೆ.

"ಗುಡಿಸಿದ್ದು ಯಾರು?"

"ನಾನೇ, ಹಿಂದಿನ ಸಂಜೆ. ಗಿರಾಕಿ ಬರ್ತಾನಲ್ಲ, ಚೊಕ್ಕಟವಾಗಿರಲಿ ಅಂತ."

ಹೆಂಡತಿಯ ಮುಖ ಒಮ್ಮೆಲೇ ಬಾಡಿದ್ದನ್ನು ಮೇಷ್ಟ್ರು ಗಮನಿಸಿದರು.

ಡ್ರೈವರಜ್ಜನ ಹೆಂಡತಿ, ಅಜ್ಜಿಯನ್ನು ಮಾತಾಡಿಸಲು ಒಳಗೆ ಹೋದರು. ಜ್ವರದಿಂದ ಎದ್ದ ಅಜ್ಜಿ ಗೋಡೆಗೆ ಒರಗಿದ್ದರು. ಮೂಲೆಯಲ್ಲಿ ಹೊಲಿಗೆ ಯಂತ್ರ. ಒಂದು ಕಾಲಕ್ಕೆ ಬೀದಿಯ ಅರ್ಧ ಜನ ತೊಟ್ಟದ್ದು ಅವರ ಕೈಯ ಬಟ್ಟೆಯನ್ನೇ. ಏನು ಕೇಳಿದರೂ "ಗೊತ್ತಿಲ್ಲಮ್ಮ" ಎಂಬುದೊಂದೇ ಉತ್ತರ.

ಅಜ್ಜನ ತಮ್ಮನ ಅಂಗಡಿಗೂ ಹೋದರು. ಅವನು ಚಿತ್ರ ನೋಡಿ, "ನಾನು ಮಾಡಿದ್ದರೆ ವೈರಿನ ತುದಿಗೆ ತಾಮ್ರದ ಟೋಪಿ ಹಾಕಿ ಒತ್ತುತ್ತಿದ್ದೆ, ನಡುವೆ ಫ್ಯೂಸ್ ಕೊಡ್ತಿದ್ದೆ" ಎಂದ. ಹೊಲಿಗೆಯ ಚಿತ್ರದ ಮೇಲೆ ಅವನ ಬೆರಳು ನಿಂತುಬಿಟ್ಟಿತು. ಕಣ್ಣು ತುಂಬಿಕೊಂಡು, "ಆದರೆ ನಾನೇ ಮಾಡಿದ್ದು ಅಂತಾನೇ ಇರಲಿ ಬಿಡಿ ಅಕ್ಕ" ಎಂದ.

ದಾರಿಯಲ್ಲಿ ಮೇಷ್ಟ್ರು ಕೇಳಿದರು: "ಗೊತ್ತಾಯ್ತೇನೇ?"

"ಗೊತ್ತಾಯ್ತು. ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು." ಸ್ವಲ್ಪ ನಡೆದು, "ರೀ, ಬೆಳಗ್ಗೆ ವಾಕಿಂಗ್ ಹೋದಾಗ ಅವರ ಶೆಡ್ಡಿನ ಕಡೆಯಿಂದ ಏನಾದರೂ ಸದ್ದು ಕೇಳ್ತಿತ್ತಾ?" ಎಂದರು.

"ನೀರಿನ ಪಂಪಿನ ಗುಂಯ್ ಅನ್ನೋ ಸದ್ದು. ದಿನಾ ಕೇಳ್ತಿತ್ತು."

"ಅವರ ಮನೇಲಿ ಪಂಪಿಲ್ಲ. ಸುಮ್ಮನಿರೋಣ ಅಂದ್ರೆ ಆ ತಮ್ಮ ಕೊಲೆಗಾರ ಅನ್ನಿಸಿಕೊಳ್ತಾನೆ. ಬಾಯಿ ಬಿಟ್ಟರೆ ಇನ್ನೊಂದು ಜೀವ ಬೇಯುತ್ತೆ. ಏನ್ರೀ ಮಾಡಲಿ?"

ಮೇಷ್ಟ್ರು ಚಿತ್ರದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಮರುದಿನ ಮಧ್ಯಾಹ್ನ ಡ್ರೈವರಜ್ಜನ ಮನೆಯ ನಡುಕೋಣೆಯಲ್ಲಿ ಎಲ್ಲರೂ ಸೇರಿದರು. ಗೋಡೆಗೊರಗಿ ಅಜ್ಜಿ, ಕಿಟಕಿಯ ಬಳಿ ಮಗಳು. ತಮ್ಮ ಮಾತ್ರ ಒಳಗೆ ಬರದೆ ಬಾಗಿಲಲ್ಲೇ ನಿಂತ.

"ಈ ಮನೇಲಿ ಕೊಲೆಗಾರರು ಯಾರೂ ಇಲ್ಲ. ಇದನ್ನ ಮನಸ್ಸಲ್ಲಿಟ್ಟುಕೊಂಡು ಕೇಳಿ" ಎಂದು ಸರ್ವೇಯರಮ್ಮ ಶುರುಮಾಡಿದರು. "ಸೀಟಿನ ಕೆಳಗಿದ್ದದ್ದು ಹೊಸ ಬ್ಯಾಟರಿ ಅಲ್ಲ, ಮುಂದೆ ಇದ್ದ ಹಳೇದೇ. ತಳದ ತುಕ್ಕು ಹಾಗಂತ ಹೇಳುತ್ತೆ. ಅಂದರೆ ಅದು ಗುಜರಿಗೆ ಹೋಗಲೇ ಇಲ್ಲ. ಕೇಬಲ್ಲು ಸವೆಯಬಾರದು ಅಂತ ರಬ್ಬರ್ ಸುತ್ತಿದ್ದಾರೆ. ಕೇಡು ಬಗೆಯೋನಿಗೆ ಅಷ್ಟು ಕಾಳಜಿ ಯಾಕೆ? ಫ್ಯೂಸ್ ಇಲ್ಲ, ಹಾಗಾಗಿ ರಿಪೇರಿಯವನ ಕೆಲಸ ಅಲ್ಲ. ವೈರ್ ಜೋಡಿಸಿದ ಕೈ ಹಳೇ ಡ್ರೈವರಂದು. ಅಜ್ಜನ ತಲೆ ಮರೆತಿತ್ತು, ಕೈ ಮರೆತಿರಲಿಲ್ಲ. ಮೇಲಿನ ಹೊಲಿಗೆ ಗುಂಡಿಯ ಕಾಜಾಕ್ಕೆ ಹಾಕೋದು. ಅದನ್ನ ಹಾಕೋ ಕೈ ಈ ಮನೇಲಿ ಒಂದೇ."

ಎಲ್ಲರ ಕಣ್ಣೂ ಅಜ್ಜಿಯತ್ತ ಹೊರಳಿತು.

"ನಾನೇ" ಎಂದರು ಅಜ್ಜಿ. "ಮುಂದೆ ಖಾಲಿ ಕಂಡರೆ ಮಗಳಿಗೆ ನೆಮ್ಮದಿ. ಹಿಂದೆ ಇಟ್ಟರೆ ಇವರಿಗೆ ನೆಮ್ಮದಿ. ಸ್ವಲ್ಪ ದಿನದ ಮಟ್ಟಿಗೆ ಅಂದ್ಕೊಂಡೆ. ಗಾಡಿ ಶುರುವಾಗಿ ಆ ಸದ್ದು ಬಂದರೆ ಸಾಕು, ಇವರು ಮೊದಲಿನ ಹಾಗೆ ಆಗ್ತಿದ್ರು. ಸ್ಟಾಪುಗಳ ಹೆಸರು ಕೂಗ್ತಿದ್ರು. ನನ್ನ ಹೆಸರು ಹಿಡಿದು ಕರೀತಿದ್ರು. ಮನೆಯೊಳಗೆ ನಾನು ಯಾರೋ ಕೆಲಸದವಳು. ಆ ಸೀಟಲ್ಲಿ ಕೂತರೆ ಮಾತ್ರ ಹೆಂಡತಿ. ಮುಗಿದ ಮೇಲೆ ನಟ್ಟು ಬಿಚ್ಚಿ ಇಡ್ತಿದ್ದೆ. ಹಿಂದಿನ ದಿನ ಜ್ವರದ ಮಂಪರಲ್ಲಿ ಬಿಚ್ಚೋದು ಮರೆತೆ. ಅವತ್ತು ಬೆಳಗ್ಗೆ ಏಳೋಕೂ ಆಗಲಿಲ್ಲ. ಒಬ್ಬರೇ ಹೋಗಿಬಿಟ್ರು."

ಮಗಳು ಎದ್ದು ನಿಂತಳು. "ಅಮ್ಮಾ! ನೀನೇನಾ? ನೀನೇ ಕೊಂದೆಯಲ್ಲಮ್ಮ ಅಪ್ಪನ್ನ!"

"ಹೌದು ಕಣೇ, ನಾನೇ" ಎಂದರು ಅಜ್ಜಿ ತಕ್ಷಣ. ಸರ್ವೇಯರಮ್ಮನತ್ತ ತಿರುಗಿ ಕೈ ಮುಗಿದು, "ಇಲ್ಲಿಗೇ ಮುಗಿಸಿಬಿಡಿ ತಾಯಿ" ಎಂದರು.

ಸರ್ವೇಯರಮ್ಮ ಅಜ್ಜಿಯ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದರು.

"ಮುಗಿಸಬಹುದಿತ್ತು. ಆದರೆ ನಿಮ್ಮ ಮಗಳು ನಿಮ್ಮನ್ನ ಕೊಲೆಗಾರ್ತಿ ಅಂದಳಲ್ಲ, ಅದನ್ನ ಹಾಗೇ ಬಿಡೋಕಾಗಲ್ಲ" ಎಂದರು ಸರ್ವೇಯರಮ್ಮ. ಮಗಳತ್ತ ತಿರುಗಿದರು. "ಒಂದು ವರ್ಷ ಆ ಕಾರು ದಿನಾ ಓಡಿದೆ ಕಣಮ್ಮ, ನಿಂತಲ್ಲೇ. ಹಿಂದಿನ ಚಕ್ರ ತಿರುಗಿದರೆ ಮುಂದಕ್ಕೆ ಹೋಗೋ ಹಳೇ ಗಾಡಿ ಅದು. ನಿಮ್ಮಪ್ಪ ಅಮ್ಮ ಅದರ ಹಿಂಭಾಗವನ್ನ ದಿಮ್ಮಿ ಮೇಲೆ ಎತ್ತಿಟ್ಟಿದ್ದರು. ಚಕ್ರ ಗಾಳಿಯಲ್ಲಿ ತಿರುಗ್ತಿತ್ತು, ಕಿಲೋಮೀಟರ್ ಏರ್ತಿತ್ತು. ಅದಕ್ಕೇ ಮುಂದಿನ ಟೈರಷ್ಟೇ ಚಪ್ಪಟೆ. ನಮ್ಮ ಯಜಮಾನ್ರು ಪಂಪು ಅಂದ್ಕೊಂಡಿದ್ದು ಆ ಸದ್ದನ್ನೇ. ಅಜ್ಜ ಗೇರ್ ಹಾಕಿದ್ರೂ ಕಾರು ಕದಲ್ತಿರಲಿಲ್ಲ. ಆ ದಿನ ಕದಲಿತು."

ಮಗಳು ಅಲ್ಲೇ ನೆಲದ ಮೇಲೆ ಕೂತಳು. ಯಾರೂ ಅವಳನ್ನು ಪ್ರಶ್ನೆ ಕೇಳಲಿಲ್ಲ. ತಾನಾಗಿಯೇ ಹೇಳಿದಳು: "ಟೈರ್ ಹಾಳಾಗಬಾರದು ಅಂತ ದಿಮ್ಮಿ ಇಟ್ಟಿದ್ದಾರೆ ಅಂದ್ಕೊಂಡೆ. ಬ್ಯಾಟರಿನೇ ಇಲ್ಲ, ಇನ್ನೇನಾಗುತ್ತೆ ಅಂತ... ಗಿರಾಕಿಗೆ ಚೆನ್ನಾಗಿ ಕಾಣಲಿ ಅಂತ ಜಾಕ್ ಕೊಟ್ಟು ನಾನೇ ಕೆಳಗಿಳಿಸಿದೆ."

"ಇವಳಿಗೆ ಬ್ಯಾಟರಿ ವಿಷಯ ಗೊತ್ತಿರಲಿಲ್ಲ, ಇವಳ ಅಮ್ಮನಿಗೆ ದಿಮ್ಮಿ ತೆಗೆದದ್ದು ಗೊತ್ತಿರಲಿಲ್ಲ" ಎಂದರು ಸರ್ವೇಯರಮ್ಮ. "ಇಬ್ಬರೂ ಮಾಡಿದ್ದು ಅಜ್ಜನ ಒಳ್ಳೇದಕ್ಕೇ."

"ಅವತ್ತೇ ಶೆಡ್ಡಿಗೆ ಹೋಗಿ ನೋಡಿದೆ" ಎಂದರು ಅಜ್ಜಿ. "ದಿಮ್ಮಿ ಗೋಡೆ ಪಕ್ಕ ಇತ್ತು. ಬ್ಯಾಟರಿ ಮಾತು ಎತ್ತಿದರೆ ದಿಮ್ಮಿ ಮಾತೂ ಬರುತ್ತೆ ಅಂತ ಬಾಯಿ ಮುಚ್ಚಿಕೊಂಡೆ. ಮೈದುನ, ಅಪವಾದ ನಿನ್ನ ಮೇಲೆ ಬಂದಾಗಲೂ ಸುಮ್ಮನಿದ್ದೆ. ತಪ್ಪಾಯ್ತು ಕಣಪ್ಪ."

"ಇರಲಿ ಬಿಡಿ ಅತ್ತಿಗೆ" ಎಂದ ತಮ್ಮ. ಆಗ ಅವನು ಒಳಗೆ ಬಂದು, ಅಣ್ಣನ ಮಗಳ ಪಕ್ಕ ನೆಲದ ಮೇಲೆ ಕೂತ.

ಮಗಳು ತಾಯಿಯತ್ತ ತಿರುಗಿ ಕೇಳಿದಳು: "ಅಮ್ಮ, ಅಲ್ಲಿ ಕೂತಾಗ ನನ್ನ ನೆನಪು ಬರ್ತಿತ್ತಾ ಅಪ್ಪನಿಗೆ?"

"ದಿನಾ. ಮಗು ಸ್ಕೂಲ್ ಬಿಡೋ ಹೊತ್ತಾಯ್ತು, ಹೋಗಿ ಕರ್ಕೊಂಡು ಬರ್ತೀನಿ ಅಂತಿದ್ರು."

"ಒಂದೇ ಒಂದು ಸಲ ನನ್ನನ್ನೂ ಕೂರಿಸ್ಕೋಬಾರದಿತ್ತೇನಮ್ಮ?"

ಅಜ್ಜಿ ಸೆರಗನ್ನು ಮುಖಕ್ಕೆ ಒತ್ತಿಕೊಂಡರು.

ಕೆಲವು ವಾರಗಳ ಮೇಲೆ ಮೇಷ್ಟ್ರು ಕನ್ನಡಕ ಸರಿಮಾಡಿಸಲು ಅವಳ ಅಂಗಡಿಗೆ ಹೋದರು. ತಾಯಿ ಈಗ ಅವಳ ಮನೆಯಲ್ಲೇ ಇದ್ದಾರೆಂದೂ, ಚಿಕ್ಕಪ್ಪ ದಿನಾ ಬಂದು ಹೋಗುತ್ತಾರೆಂದೂ ಹೇಳಿದಳು. ಕನ್ನಡಕದ ತಿರುಪನ್ನು ಬಿಗಿಮಾಡುತ್ತಾ, ತಲೆ ಎತ್ತದೆ ಅಂದಳು:

"ಆ ವಿಷಯ ನಾವು ಮಾತಾಡಲ್ಲ ಅಂಕಲ್. ಒಂದೇ ಕೋಣೇಲಿ ಮಲಗ್ತೀವಿ. ನನಗೆ ನಿದ್ದೆ ಬರಲ್ಲ, ಅಮ್ಮನಿಗೂ ಬರಲ್ಲ. ಇನ್ನೊಬ್ಬರಿಗೆ ಗೊತ್ತಾಗದೇ ಇರಲಿ ಅಂತ ಇಬ್ಬರೂ ಕಣ್ಣು ಮುಚ್ಕೊಂಡು ಬಿದ್ದಿರ್ತೀವಿ."