ಸ್ಕೇಟಿಂಗ್ ರಿಂಕಿನಲ್ಲಿ ಹುರುಳಿ ಒಕ್ಕಣೆ

“ಎಲ್ಲಿ ಹಾಸಾನೆ ಮಗ?” ಎಂದು ಅಜ್ಜಿ ಕೇಳಿದಾಗ ಭಾನುಪ್ರಿಯಳ ಬಾಯಲ್ಲಿದ್ದ ಚಕ್ಕುಲಿ ಅಲ್ಲೇ ನಿಂತುಬಿಟ್ಟಿತು.

ಪಾರ್ಕಿನ ಗೇಟಿನ ಮುಂದೆ ಒಂದು ಗೂಡ್ಸ್ ಆಟೊ. ಅದರ ತುಂಬ ಒಣಗಿದ ಹುರುಳಿ ಗಿಡ. ಗಿಡದ ರಾಶಿಯ ಮೇಲೆ ಮೊರ, ಪೊರಕೆ, ಒಂದು ಕವೆಗೋಲು. ಪಕ್ಕದಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತ ಅಜ್ಜಿ ಮುನಿತಾಯಮ್ಮ. ಬಿಡದಿಯ ಈ ಹೊಸ ಲೇಔಟಿಗೂ ಅಜ್ಜಿಯ ಊರಿಗೂ ಮೂರೇ ಕಿಲೋಮೀಟರ್. ಆದರೂ ಅಜ್ಜಿ ಹೀಗೆ ಲೋಡಿನ ಸಮೇತ ಬಂದದ್ದು ಇದೇ ಮೊದಲು.

ಇದಕ್ಕೆಲ್ಲ ಕಾರಣ ಭಾನುವಿನ ಬಾಯಿ.

ಹೋದ ಭಾನುವಾರ ಮನೆಗೆ ಊಟಕ್ಕೆ ಬಂದಿದ್ದ ಅಜ್ಜಿ, ಈ ಸಲ ಹುರುಳಿ ಒಕ್ಕುವುದು ಎಲ್ಲಿ ಎಂದು ಚಿಂತೆ ಮಾಡುತ್ತಿದ್ದಳು. ಪ್ರತಿ ವರ್ಷ ಊರಿನವರೆಲ್ಲ ಗಿಡವನ್ನು ಟಾರು ರಸ್ತೆಗೆ ಹಾಸುತ್ತಿದ್ದರು. ಬಸ್ಸು, ಲಾರಿಗಳು ಅದರ ಮೇಲೆ ಹರಿದು, ಕಾಯಿ ಒಡೆದು, ಕಾಳು ಬಿಡಿಸಿಕೊಡುತ್ತಿದ್ದವು. ಈಗ ಸುತ್ತ ಲೇಔಟುಗಳು ಎದ್ದು ರಸ್ತೆಯ ತುಂಬ ಬೈಕುಗಳು. ಹೋದ ವರ್ಷ ಹಾಲಿನವನು ಹುರುಳಿಯ ಮೇಲೆ ಬೈಕು ಜಾರಿ ಕಾಲು ಮುರಿದುಕೊಂಡ. ಆಮೇಲೆ ರಸ್ತೆಗೆ ಹಾಸುವುದೇ ಬೇಡ ಎಂದು ಊರಿನವರು ತೀರ್ಮಾನಿಸಿದ್ದರು.

“ನಮ್ಮ ಸ್ಕೇಟಿಂಗ್ ರಿಂಕಿಗೆ ತಗೊಂಡ್ ಬಾ ಅಜ್ಜಿ,” ಎಂದು ಭಾನು ಮುದ್ದೆ ಮುರಿಯುತ್ತಾ ಹೇಳಿದ್ದಳು. “ಅಷ್ಟ್ ದೊಡ್ಡ ಸಿಮೆಂಟ್ ನೆಲ. ನಾನೇ ಅಲ್ಲಿ ಕ್ಯಾಪ್ಟನ್. ಸೆಕ್ರೆಟರಿ ಅಂಕಲ್‌ನ ಕೇಳ್ತೀನಿ.”

ಮಾರನೆಯ ದಿನ ಅಜ್ಜಿ ಫೋನ್ ಮಾಡಿ ವಿಚಾರಿಸಿದಾಗ, ಕೇಳಿಯಾಯಿತು, ಓಕೆ ಅಂದರು ಎಂದೂ ಹೇಳಿದ್ದಳು. ಕೇಳಿರಲಿಲ್ಲ. ಲೇಔಟಿನ ಸೆಕ್ರೆಟರಿ ಬಸವಯ್ಯ ಅಂಕಲ್ ಎದುರಿಗೆ ಬಂದರೆ ಅವಳು ಇನ್ನೊಂದು ರಸ್ತೆಯಲ್ಲಿ ಹೋಗುತ್ತಿದ್ದಳು.

ಇನ್ನು ಕ್ಯಾಪ್ಟನ್ ಆಗುವುದಿರಲಿ, ಸ್ಕೇಟ್ಸ್ ಹಾಕಿಕೊಂಡು ನೆಟ್ಟಗೆ ನಿಲ್ಲುವುದಕ್ಕೂ ಭಾನುವಿಗೆ ಬರುತ್ತಿರಲಿಲ್ಲ. ಎರಡು ತಿಂಗಳಿಂದ ಶನಿವಾರದ ಕ್ಲಾಸಿನಲ್ಲಿ ರಿಂಕಿನ ಸುತ್ತಲಿನ ಕಬ್ಬಿಣದ ಕಂಬಿ ಹಿಡಿದುಕೊಂಡೇ ಸುತ್ತು ಹಾಕುತ್ತಿದ್ದಳು. ಬಿದ್ದಾಗಲೆಲ್ಲ ಕೋಚ್ ಚಿಕ್ಕರಾಜು ಸರ್‌ಗೆ, ಇಲ್ಲಿ ನೆಲ ಸರಿ ಇಲ್ಲ ಎಂದು ದೂರು ಕೊಡುತ್ತಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಮ್ಮ ನಗುತ್ತಿದ್ದಳು.

ಆಟೊದವನು ಹಾರ್ನ್ ಹೊಡೆದ. ಅಜ್ಜಿಯ ಮುಖದಲ್ಲಿ ಮೊಮ್ಮಗಳ ಬಗ್ಗೆ ಅಷ್ಟಗಲ ಹೆಮ್ಮೆ. ನಿಜ ಹೇಳುವುದಾದರೆ ಈಗಲೇ ಹೇಳಬೇಕು ಎಂದು ಭಾನುವಿಗೆ ಗೊತ್ತಾಯಿತು. ಗೊತ್ತಾಗಿಯೂ ಅವಳು ಪಾರ್ಕಿನೊಳಗಿನ ರಿಂಕಿನ ಕಡೆ ಕೈ ತೋರಿಸಿದಳು.

ಸಂಜೆ ಆಡಲು ಬಂದ ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಜಾರುಬಂಡೆ ಖಾಲಿಯಾಯಿತು, ಉಯ್ಯಾಲೆ ಖಾಲಿಯಾಯಿತು. ಅಜ್ಜಿ ರಿಂಕಿನ ತುಂಬ ಗಿಡ ಹಾಸಿ, ಇದರ ಮೇಲೆ ಓಡಿಸುವುದಕ್ಕೆ ಏನಿದೆ ಎಂದು ಕೇಳಿದಳು.

ಅಷ್ಟು ಜನ ನೋಡುತ್ತಿರುವಾಗ ಭಾನುವಿನ ಬಾಯಿ ಸುಮ್ಮನಿರುತ್ತದೆಯೇ? ಸ್ಕೇಟ್ಸಿಗೂ ಎಂಟು ಚಕ್ರ ಇದೆ ಎಂದಳು. ಮನೆಗೆ ಓಡಿಹೋಗಿ ತಂದು ಹಾಕಿಕೊಂಡಳು. ಕಂಬಿ ಬಿಟ್ಟು ಒಂದು ಹೆಜ್ಜೆ ಇಟ್ಟಳು. ಚಕ್ರಕ್ಕೆ ಗಿಡ ಸುತ್ತಿಕೊಂಡಿತು, ಕ್ಯಾಪ್ಟನ್ ಮುಖ ಕೆಳಗಾಗಿ ಹುರುಳಿಯೊಳಗೆ ಬಿದ್ದಳು. ಎದ್ದಾಗ ಎರಡು ಜಡೆಯಲ್ಲೂ ಹುರುಳಿಕಾಯಿ.

“ಹುಳ್ಳಿ ಒಕ್ಕಾದು ಹಂಗಲ್ಲ ಕಣವ್ವ ಕ್ಯಾಪ್ಟನ್ನಮ್ಮ,” ಎಂದು ಅಜ್ಜಿ ಅವಳನ್ನು ಎತ್ತಿ ನಿಲ್ಲಿಸಿದಳು.

ಗೆಳತಿ ಸಾನಾ ನಗುವುದನ್ನು ಮುಗಿಸಿ ಸೈಕಲ್ ತಂದಳು. ಅವಳ ಹಿಂದೆ ಇನ್ನೂ ನಾಲ್ಕು ಸೈಕಲ್ ಬಂದವು. ಐದೂ ಸೈಕಲ್ ಸುತ್ತಿದ್ದೇ ಸುತ್ತಿದ್ದು. ಕಾಯಿಗಳು ಚಟಚಟ ಒಡೆದವು. ಅಜ್ಜಿ ನಡುವೆ ನಿಂತು ಕವೆಗೋಲಿನಲ್ಲಿ ಗಿಡ ತಿರುವಿ ಹಾಕುತ್ತಿದ್ದಳು. ಸ್ಕೇಟ್ಸ್ ಬಿಚ್ಚಿಟ್ಟು, ಸಾನಾಳ ಹಿಂದೆ ಕೂತು, ಕೈ ಚಾಚಿ ಬೆಲ್ ಹೊಡೆಯುವ ಕೆಲಸ ಭಾನುವಿನದು. ಯಾರೂ ಅವಳಿಗೆ ಆ ಕೆಲಸ ಕೊಟ್ಟಿರಲಿಲ್ಲ. ಸುಳ್ಳು ಹೇಳಿದ್ದೂ ಒಳ್ಳೆಯದೇ ಆಯಿತು ಎಂದುಕೊಳ್ಳುವಷ್ಟು ಖುಷಿಯಾಗಿತ್ತು ಅವಳಿಗೆ.

ಆಗ ವಾಕಿಂಗಿಗೆ ಹೊರಟ ಬಸವಯ್ಯ ಅಂಕಲ್ ಗೇಟಿನಲ್ಲಿ ನಿಂತರು.

“ಯಾರನ್ನ ಕೇಳಿ ಇದನ್ನೆಲ್ಲ ಹಾಕಿದ್ದೀರಮ್ಮ?”

ಅಜ್ಜಿ ನಗುತ್ತಾ ಭಾನುವಿನ ಕಡೆ ತಿರುಗಿದಳು. ಭಾನು ಸಾನಾಳ ಸೈಕಲ್ ಚೈನನ್ನು ಪರೀಕ್ಷೆ ಮಾಡುತ್ತಿದ್ದಳು. ಚೈನು ಸರಿಯಾಗೇ ಇತ್ತು. ಅಜ್ಜಿ ಅವಳನ್ನೇ ಒಂದು ಗಳಿಗೆ ನೋಡಿದಳು, ನಗು ಇಳಿಯಿತು.

“ಯಾರ್ನೂ ಕೇಳ್ನಿಲ್ಲ ಸ್ವಾಮಿ,” ಎಂದು ಅವಳು ಕೈ ಮುಗಿದಳು. “ವಯಸ್ಸಾದೋಳು, ಗೊತ್ತಾಗ್ನಿಲ್ಲ. ಒಸಿ ಹೊತ್ತು ಕೊಡಿ, ತಗೊಂಡೋಯ್ತೀನಿ.”

ಊರಲ್ಲಿ ಪಂಚಾಯ್ತಿ ಮೆಂಬರನ್ನೇ ನಿಲ್ಲಿಸಿ ಗದರುವ ಅಜ್ಜಿ ಇವಳು. ಈಗ ಹುರುಳಿ ಧೂಳಿನ ಕೈ ಮುಗಿದು, ತಲೆ ತಗ್ಗಿಸಿ ನಿಂತಿದ್ದಾಳೆ. ಭಾನು ಸೈಕಲ್ ಬಿಟ್ಟು ಮುಂದೆ ಬಂದಳು.

“ಅಂಕಲ್, ಅಜ್ಜಿ ತಪ್ಪಿಲ್ಲ,” ಎಂದಳು. “ನಿಮ್ಮನ್ನ ಕೇಳಿದೀನಿ ಅಂತ ನಾನೇ ಸುಳ್ಳು ಹೇಳ್ದೆ. ನಾನು ಕ್ಯಾಪ್ಟನ್ನೂ ಅಲ್ಲ.”

“ಕ್ಯಾಪ್ಟನ್ನಾ? ಯಾವುದಕ್ಕೆ?” ಎಂದರು ಬಸವಯ್ಯ ಅಂಕಲ್, ನಿಜವಾಗಿಯೂ ಅರ್ಥವಾಗದೆ. ಸಾನಾ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅಂಕಲ್ ಕೂಗಾಡಲಿಲ್ಲ. ಶನಿವಾರ ಚಿಕ್ಕ ಮಕ್ಕಳು ಸ್ಕೇಟಿಂಗಿಗೆ ಬರುತ್ತಾರೆ, ಒಂದು ಕಾಳು ಚಕ್ರಕ್ಕೆ ಸಿಕ್ಕಿ ಕೈಕಾಲು ಮುರಿದರೆ ಯಾರು ಜವಾಬ್ದಾರಿ ಎಂದು ಕೇಳಿದರು. ಕತ್ತಲಾಗುವುದರೊಳಗೆ ಎಲ್ಲ ಸ್ವಚ್ಛವಾಗಬೇಕು. ಶನಿವಾರ ತಾವೇ ಬಂದು ನೋಡುವುದಾಗಿ ಹೇಳಿದರು. ಒಂದೂ ಕಾಳು ಸಿಗದಿದ್ದರೆ ಮುಂದಿನ ವರ್ಷ ಮೊದಲೇ ಕೇಳಿಕೊಂಡು ಹಾಸಬಹುದು. ಒಂದೇ ಒಂದು ಸಿಕ್ಕರೂ ಈ ಗೇಟಿನೊಳಗೆ ಹುರುಳಿ ಬರುವಂತಿಲ್ಲ.

ಮಕ್ಕಳು ಹೊಟ್ಟನ್ನು ಚೀಲಕ್ಕೆ ತುಂಬಿದರು. ಅಜ್ಜಿ ಕಾಳು ತೂರಿದಳು. ಭಾನು ಬೈಗುಳಕ್ಕೆ ಕಾಯುತ್ತಿದ್ದಳು. ಅಜ್ಜಿ ಮಾತ್ರ, ತನಗೆ ಸೊಂಟ ನೋಯುತ್ತಿದೆ, ಆ ಮೂಲೆಯನ್ನು ನೀನು ಗುಡಿಸು ಎಂದಳು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಭಾನುವಿಗೆ. ಅವಳು ಮೂಲೆ ಗುಡಿಸಿದಳು. ಮಂಡಿಯೂರಿ, ಸಿಮೆಂಟಿನ ಬಿರುಕುಗಳಿಂದ ಒಂದೊಂದೇ ಕಾಳನ್ನು ಹೇರ್‌ಪಿನ್ನಿನಲ್ಲಿ ಎಬ್ಬಿಸಿದಳು.

ಶನಿವಾರ ಬಸವಯ್ಯ ಅಂಕಲ್ ಹೇಳಿದಂತೆಯೇ ಬಂದರು. ಕೈ ಹಿಂದೆ ಕಟ್ಟಿಕೊಂಡು, ನೆಲವನ್ನೇ ನೋಡುತ್ತಾ ರಿಂಕನ್ನು ಎರಡು ಸುತ್ತು ಹಾಕಿದರು. ಏನೂ ಸಿಗಲಿಲ್ಲ. ಆಮೇಲೆ ಕಂಬಿಯ ಪಕ್ಕ ನಿಂತುಕೊಂಡರು.

ಕ್ಲಾಸು ಶುರುವಾಯಿತು. ಅಂದು ಭಾನು ಮೊದಲ ಸಲ ಕಂಬಿ ಬಿಟ್ಟಳು. ಒಂದು, ಎರಡು, ಮೂರು ಹೆಜ್ಜೆ ಜಾರಿದಳು. ಯಾರಾದರೂ ನೋಡುತ್ತಿದ್ದಾರಾ ಎಂದು ತಿರುಗುವಷ್ಟರಲ್ಲಿ ಬಲಗಾಲಿನ ಚಕ್ರ ಟಕ್ಕೆಂದು ನಿಂತಿತು. ಸರಿಯಾಗಿ ಬಸವಯ್ಯ ಅಂಕಲ್ ಮುಂದೆಯೇ ದಬ್ ಎಂದು ಬಿದ್ದಳು.

ಕೈಯೂರಿದ ಜಾಗದಲ್ಲಿ ಬೆರಳಿಗೆ ಏನೋ ಚುಚ್ಚಿತು. ಸಣ್ಣದು, ಕಂದು ಬಣ್ಣದ್ದು. ಒಂದು ಹುರುಳಿ ಕಾಳು.

ಎರಡು ತಿಂಗಳಲ್ಲಿ ನೆಲದ ತಪ್ಪಿನಿಂದ ಅವಳು ಬಿದ್ದದ್ದು ಇದೇ ಮೊದಲು. ಕೈಯಲ್ಲಿ ಸಾಕ್ಷಿಯೂ ಇತ್ತು.

“ಏನಮ್ಮ ಭಾನು, ಇವತ್ತೂ ನೆಲ ಸರಿ ಇಲ್ವಾ?” ಎಂದು ಚಿಕ್ಕರಾಜು ಸರ್ ಕೇಳಿದರು. ಎಲ್ಲರೂ ನಗುವುದಕ್ಕೆ ತಯಾರಾಗಿ ನಿಂತರು. ಬಸವಯ್ಯ ಅಂಕಲ್ ಕೂಡ ಬಗ್ಗಿ ನೋಡಿದರು.

ಭಾನು ಮುಷ್ಟಿ ಮುಚ್ಚಿದಳು.

“ನೆಲ ಸರಿಯಾಗೇ ಇದೆ ಸರ್,” ಎಂದಳು. “ನಂಗೇ ಬರಲ್ಲ.”

ಎಲ್ಲರೂ ನಕ್ಕರು. ಅವಳಿಗೂ ನಗು ಬಂತು. ಉರಿಯುತ್ತಿದ್ದ ಮಂಡಿಯನ್ನು ಒರೆಸಿಕೊಂಡು, ಕಾಳನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು, ಮತ್ತೆ ಕಂಬಿ ಹಿಡಿದು ಎದ್ದಳು.