ಕತ್ತರಿಸಿದ ನಗು

ಮಧುಗಿರಿಯ ಸಭಾಂಗಣದಲ್ಲಿ ಅಂದು ಅತ್ತವರೆಲ್ಲ ಒಂದೇ ಜಾಗದಲ್ಲಿ ಅತ್ತರು. ಪರದೆಯ ಮೇಲೆ ಪಾವಗಡದ ಕಡೆಯ ರಾಯಚರ್ಲು ಎಂಬ ಊರಿನ ಕುರಿ ಕಾಯುವ ರಂಗೇಶ್ ಸೋಲಾರ್ ಬೇಲಿಯ ಪಕ್ಕ ಮಾತಾಡುತ್ತಾ ಇದ್ದವನು ತಟ್ಟನೆ ಸುಮ್ಮನಾಗಿ, ಹನ್ನೊಂದು ಸೆಕೆಂಡು ಕ್ಯಾಮೆರಾದ ಕಡೆ ನೋಡುತ್ತಲೇ ನಿಲ್ಲುತ್ತಾನೆ. ಹುಲ್ಲುಗಾವಲು ಹೋಯಿತೆಂಬ ಸಂಕಟ ಎಂದುಕೊಂಡರು ಜನ. ಡಾಕ್ಯುಮೆಂಟರಿ ನೋಡುವವರೇ ಹಾಗೆ, ಯಾರಾದರೂ ಸುಮ್ಮನಿದ್ದರೆ ದುಃಖವನ್ನು ತಾವೇ ತುಂಬಿಕೊಳ್ಳುತ್ತಾರೆ.

ಸಿನಿಮಾ ತೆಗೆದ ಚೈತ್ರ ಕೊನೆಯ ಸಾಲಿನಲ್ಲಿ ಕೂತಿದ್ದಳು. ಆ ಹನ್ನೊಂದು ಸೆಕೆಂಡು ಫೋನಿಂದ ಫೋನಿಗೆ ಹರಿದಾಡಿ, ಸೋಲಾರ್ ಕಂಪನಿಯ ಅಧಿಕಾರಿಯನ್ನು ಮುಂದಿನ ಸಾಲಿಗೆ ತಂದು ಕೂರಿಸಿತ್ತು. ಬೇಲಿಯೊಳಗೆ ಕುರಿ ಬಿಡುವುದೋ ಬೇಡವೋ ಎಂದು ಅವರು ಇವತ್ತೇ ಹೇಳಬೇಕಿತ್ತು.

ದೀಪ ಹತ್ತಿದ ಕೂಡಲೇ ಅವರು ವೇದಿಕೆಯ ಪಕ್ಕ ನಿಂತಿದ್ದ ರಂಗೇಶನನ್ನು ಕೇಳಿಯೇಬಿಟ್ಟರು. "ಆಗ ಏನು ಯೋಚನೆ ಮಾಡ್ತಿದ್ರಿ ರಂಗೇಶ್?"

ಚೈತ್ರ ಕುರ್ಚಿಯ ಅಂಚಿಗೆ ಸರಿದಳು. ಅವನು ನಿಜ ಹೇಳಿದರೆ ಊರಿನ ಮೇವೂ ಹೋಯಿತು, ಅವಳ ಮಾನವೂ ಹೋಯಿತು.

ರಂಗೇಶ್ ಮೈಕ್ ಹಿಡಿದು ಕೊನೆಯ ಸಾಲಿನ ಕಡೆ ನೋಡಿದ. ಪರದೆಯಲ್ಲಿ ನೋಡಿದ ಹಾಗೇ. ಅವಳ ಕಿವಿ ಬಿಸಿಯಾಯಿತು.

"ಮೇವಿನ ಯೋಚ್ನೆ ಸಾರ್. ಇನ್ನೇನಿರ್ತದೆ?"

ಸೋಮವಾರದಿಂದ ಗೇಟು ತೆಗೆಸುತ್ತೇವೆ ಎಂದರು ಅಧಿಕಾರಿ. ಚಪ್ಪಾಳೆ ಬಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಇಬ್ಬರಿಗೂ ಚಹಾ ಬಂತು. "ಸುಳ್ಳು ಹೇಳಿದ್ರಿ" ಎಂದಳು ಚೈತ್ರ. "ಅವತ್ತು ನಾನು ಕ್ಯಾಮೆರಾ ಹಿಡ್ಕೊಂಡಿದ್ದಾಗ ನಿಮ್ಮ ಕುರಿಮರಿ ನನ್ನ ದುಪ್ಪಟ್ಟಾ ತಿಂತಿತ್ತು. ಅದನ್ನ ತಾನೇ ನೋಡ್ತಿದ್ದಿದ್ದು?"

"ಮರಿನ ದಿನಾ ನೋಡ್ತೀನಿ ಬುಡಿ ಮೇಡಂ."

ಅವಳು ಚಹಾದ ಲೋಟವನ್ನು ಸುಮ್ಮನೆ ತಿರುಗಿಸಿದಳು. ಮಧುಗಿರಿ ಬೆಟ್ಟವನ್ನು ಮೊದಲ ಸಲ ಕಾಣುವವಳಂತೆ ಅತ್ತ ನೋಡಿದಳು.

"ಕೊನೇಲಿ ನೀವು ನಕ್ಕಿದ್ರಿ ರಂಗೇಶ್. ಅದನ್ನ ನಾನು ಕತ್ತರಿಸಿದೆ. ನಗೋನಿಗಾಗಿ ಯಾರು ಅಳ್ತಾರೆ? ಅಳದಿದ್ರೆ ಗೇಟು ಯಾರು ತೆಗೀತಾರೆ?"

"ಅಂಗಾದ್ರೆ ನನ್ನ ನಗು ಬಿಸಾಕ್ಬುಟ್ರಾ?"

ಅವಳು ಫೋನ್ ತೆಗೆದು ಅವನತ್ತ ಹಿಡಿದಳು. ಬೇಲಿ, ಬಿಸಿಲು, ರಂಗೇಶನ ಮುಖ. ತುಟಿ ಒಂದು ಪಕ್ಕಕ್ಕೆ ಸರಿದು, ಕಣ್ಣು ಕಿರಿದಾಗಿ, ಮೂರು ಸೆಕೆಂಡಿನ ನಗು. ತನ್ನ ಮುಖ ಇಷ್ಟು ಚಂದ ಇದೆಯೆಂದು ಅವನಿಗೂ ಗೊತ್ತಿರಲಿಲ್ಲ.

"ಇದನ್ನ ಯಾರ್ ಯಾರು ನೋಡವ್ರೆ?"

"ನಾನೊಬ್ಬಳೇ. ದಿನಾ."

ಗಾಬರಿಯಾದರೆ ಅವನ ಬಾಯಿಗೆ ತೆಲುಗೇ ಬರುತ್ತಿತ್ತು. "ನಿಜಮಾ?"

ಅವನ ಊರಲ್ಲಿ ಆರು ತಿಂಗಳು ಓಡಾಡಿದವಳು ಅಷ್ಟಾದರೂ ಕಲಿತಿರಲೇಬೇಕು. "ನಿಜಮೇ" ಎಂದಳು.

ಕಂಡಕ್ಟರ್ "ಪಾವಗಡ, ಪಾವಗಡ" ಎಂದು ಎರಡು ಸಲ ಕೂಗಿ, ಸೀಟಿ ಊದಿದ. ರಂಗೇಶನ ಬಸ್ಸು ಹೊರಟುಹೋಯಿತು. ಅವನು ಇನ್ನೆರಡು ಚಹಾ ಹೇಳಿದ.