ಶರಾವತಿಗೆ ಜ್ವರ ಬಂದಿರಲಿಲ್ಲ

"ತಿರುಗಿಸ್ಬೇಡಿ... ಅಲ್ಲೇ ಇರ್ಲಿ!"

ಸಾಗರದ ಬಸ್ ಸ್ಟ್ಯಾಂಡಿನ ಹಿಂದೆ ಮಾಸ್ತಪ್ಪನ ರೇಡಿಯೋ ರಿಪೇರಿ ಅಂಗಡಿ. ಆ ಸಂಜೆ ಅವನು ಹೊಸ ವಾಲ್ವ್ ಹಾಕಿದ ರೇಡಿಯೋ ಒಂದರ ಮುಳ್ಳು ತಿರುಗಿಸುತ್ತ ಕೂತಿದ್ದ. ಗೊರಗೊರ ಸದ್ದಿನ ನಡುವೆ ಯಾವುದೋ ದೂರದೇಶದ ಡ್ರಮ್ಮಿನ ಬಡಿತ ಒಂದು ಗಳಿಗೆ ತೇಲಿಬಂದಿತ್ತು. ಅದು ಮಾಯವಾಗುವಷ್ಟರಲ್ಲಿ ಬಾಗಿಲಿನಿಂದ ಈ ದನಿ.

ತಲೆಯೆತ್ತಿದ. ಒಬ್ಬ ಹೆಣ್ಣುಮಗಳು ಏದುಸಿರು ಬಿಡುತ್ತ ನಿಂತಿದ್ದಳು. ಓಡಿಬಂದ ರಭಸಕ್ಕೆ ತಲೆಯ ಮೇಲಿನ ಸೆರಗು ಜಾರಿತ್ತು. ಕಿವಿಯ ತನಕ ಮಾತ್ರ ಕೂದಲು. ಕತ್ತಿನ ಹಿಂದೆ ಅದೂ ಇಲ್ಲ.

ಅವನು ಮಾತಾಡದೆ ಮುಳ್ಳನ್ನು ಹಿಂದಕ್ಕೆ ತಂದ. ಹಾಡು ಸಿಕ್ಕಿತು.

ಅವಳು ಕಣ್ಣು ಮುಚ್ಚಿದಳು. ಚಪ್ಪಲಿಯೊಳಗೆ ಅವಳ ಹೆಬ್ಬೆರಳು ತಾಳ ಹಾಕುತ್ತಿದ್ದುದು ಅವನಿಗೆ ಕಂಡಿತು. ಅಷ್ಟು ಸಂತೋಷದ ಮುಖವನ್ನು ಅವನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎದೆಯೊಳಗೆ ಏನೋ ಕದಲಿದಂತಾಯಿತು...

ತಾನು ಕೂತಿದ್ದ ಸ್ಟೂಲನ್ನು ಪಂಚೆಯ ಅಂಚಿನಿಂದ ಒರೆಸಿ ಅವಳ ಕಡೆ ಸರಿಸಿದ. ಆಮೇಲೆ ರೇಡಿಯೋದ ಸದ್ದು ಇಳಿಸಿದ.

"ಕೂತ್ಕೊಳ್ಳಿ. ಜ್ವರ ಬಿಟ್ಟ ತಲೆಗೆ ಇಷ್ಟು ಗಲಾಟೆ ಒಳ್ಳೇದಲ್ಲ."

ಹಾಡಿನ ಅತಿ ಚೆಂದದ ಜಾಗ ಅದು. ಅಲ್ಲೇ ಇಳಿಸಿಬಿಟ್ಟಿದ್ದ.

ಶರಾವತಿಗೆ ಅಳು ಬರುವಷ್ಟು ಸಿಟ್ಟು ಬಂತು. 'ಇವನಿಗೂ ಸುದ್ದಿ ಮುಟ್ಟಿತಾ...'

* * *

ಶರಾವತಿಗೆ ಯಾವ ಜ್ವರವೂ ಬಂದಿರಲಿಲ್ಲ.

ಅವಳು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಹೋಗಿ ನಾಲ್ಕು ವರ್ಷವಾಗಿತ್ತು. ಹೋದ ಹೊಸದರಲ್ಲಿ ಆ ಊರಿನಲ್ಲಿ ಅವಳನ್ನು ಯಾರೂ ನೋಡುತ್ತಿರಲಿಲ್ಲ. ನೋಡಿದರೂ, ನೋಡಬಾರದ್ದನ್ನು ಕಂಡವರಂತೆ ನೋಡುತ್ತಿದ್ದರು. ಜಮೈಕಾದಿಂದ ಬಂದಿದ್ದ ಪರ್ಲ್ ಎಂಬ ನರ್ಸ್ ಒಂದು ಶನಿವಾರ ಅವಳ ಕೈಹಿಡಿದು ಒಂದು ನೆಲಮಾಳಿಗೆಗೆ ಕರೆದುಕೊಂಡು ಹೋದಳು. ಅಲ್ಲಿ ತಮ್ಮನ್ನು ತಾವೇ 'ಮಾಡ್' ಎಂದು ಕರೆದುಕೊಳ್ಳುವ ಜನ. ಗಂಡಸರು ಅಳತೆಗೆ ಹೊಲಿಸಿದ ಕೋಟು ತೊಟ್ಟು, ಕಿವಿ ಮುಚ್ಚುವಂತೆ ಕೂದಲು ಬಿಟ್ಟು, ಸ್ಕೂಟರಿನಲ್ಲಿ ಬರುವರು. ಹೆಂಗಸರು ಮೊಣಕಾಲ ಮೇಲಿನ ಫ್ರಾಕು ಹಾಕಿ, ಕೂದಲನ್ನು ಕತ್ತರಿಯ ಅಂಚಿನಷ್ಟು ನೇರಕ್ಕೆ ಕತ್ತರಿಸಿಕೊಂಡವರು. ಪರ್ಲಳ ದೇಶದ ಹಾಡಿಗೆ ಬಿಳಿಯರು, ಕರಿಯರು ಎನ್ನದೆ ಬೆವರಿಳಿಯುವಂತೆ ಕುಣಿಯುತ್ತಿದ್ದರು.

ಯಾವ ದೇಶ, ಯಾವ ಜಾತಿ ಎಂದು ಯಾರೂ ಕೇಳಲಿಲ್ಲ. "ಕುಣೀತೀಯಾ?" ಎಂದಷ್ಟೇ ಕೇಳಿದರು.

ಪರ್ಲಳ ಅಡುಗೆಮನೆಯ ಕುರ್ಚಿಯ ಮೇಲೆ ಕೂತು ಶರಾವತಿ ತನ್ನ ಸೊಂಟದುದ್ದದ ಜಡೆಯನ್ನು ತಾನೇ ಹೇಳಿ ಕತ್ತರಿಸಿಕೊಂಡಳು. ಕನ್ನಡಿ ನೋಡಿ ನಕ್ಕಳು. ಬಹಳ ದಿನಗಳಾದ ಮೇಲೆ ಬಂದ ನಗು ಅದು.

ಸಾವಿರದ ಒಂಬೈನೂರ ಅರವತ್ತೈದರ ದೀಪಾವಳಿ ಕಳೆದ ಮೇಲೆ, ತಾಯಿ ಹುಲಿಯಮ್ಮನಿಗೆ ಹುಷಾರಿಲ್ಲವೆಂದು ಉದ್ದ ರಜೆ ಹಾಕಿ ಬಂದಳು. ಅವರ ಊರು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಹೋಗಿತ್ತು. ತಾಯಿ ಈಗ ಸಾಗರದಲ್ಲಿ, ಹಿರಿಯ ಮಗಳು ಬಂಗಾರಮ್ಮನ ಮನೆಯಲ್ಲಿ ಇದ್ದಳು.

ಬಸ್ಸಿಳಿದ ಮಗಳ ತಲೆ ನೋಡಿ ಹುಲಿಯಮ್ಮ ದಂಗಾಗಿ ನಿಂತಳು. ಅಷ್ಟರಲ್ಲಿ ಪಕ್ಕದ ಮನೆಯ ಹೂವಮ್ಮ ಬಂದಳು.

"ಅಯ್ಯೋ, ಎಂತ ಆಯ್ತೇ ಹುಡುಗಿಗೆ?"

"ವಿಷಮಶೀತ ಜ್ವರ ಬಂದಿತ್ತಂತೆ ಹೂವಮ್ಮ. ತಲೆಕೂದಲು ತೆಗೆಸಿದಾರೆ" ಎಂದಳು ಹುಲಿಯಮ್ಮ. ಯೋಚಿಸಿ ಹೇಳಿದ್ದಲ್ಲ. ಮನೆ, ಗದ್ದೆ ಎಲ್ಲ ಕಳೆದುಕೊಂಡವಳು ಮಗಳ ಮರ್ಯಾದೆಯನ್ನಾದರೂ ಉಳಿಸಿಕೊಳ್ಳಲು ಬಾಯಿಗೆ ಬಂದದ್ದನ್ನು ಹೇಳಿದ್ದಳು.

ಆ ಸೀಮೆಯಲ್ಲಿ ಅದನ್ನು ಯಾರೂ ಅನುಮಾನಿಸುವಂತಿರಲಿಲ್ಲ. ಮದುವೆಯಾಗದ ಹೆಣ್ಣಿಗೆ ಗಿಡ್ಡ ಕೂದಲು ಎಂದರೆ ವಿಷಮಶೀತ ಜ್ವರ. ಬೇರೆ ಕಾರಣವೇ ಇಲ್ಲ.

ಅಂದಿನಿಂದ ಶುರುವಾಯಿತು ಊರಿನ ಅಕ್ಕರೆ. ಹೂವಮ್ಮ ದಿನ ಬಿಟ್ಟು ದಿನ ಒಂದೆಲಗದ ತಂಬುಳಿ ತಂದಳು. ಭಾವ ಭೂತಪ್ಪ ಹುಡುಗಿ ಮಲಗುವ ಕೋಣೆಯ ಕಿಟಕಿಗೆ ಗಾಳಿ ಬಾರದಂತೆ ತಾನೇ ಹಲಗೆ ಹೊಡೆದ. ದಾರಿಯಲ್ಲಿ ಸಿಕ್ಕವರು, "ಹುಷಾರು ಮಾರಾಯ್ತಿ, ಬಿಸ್ಲಲ್ಲಿ ತಿರುಗ್ಬೇಡ" ಎಂದರು.

'ಇವರಲ್ಲಿ ಒಬ್ಬರಾದರೂ ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತಲ್ಲ...'

"ಅವ್ವ, ನಾನು ನಿಜ ಹೇಳ್ತೀನಿ."

"ಹೇಳು. ನಾನು ಆ ನೀರಿಗೇ ಹೋಗಿ ಬೀಳ್ತೀನಿ."

ಕೂದಲು ಕಿವಿ ದಾಟಿದಾಗಲೆಲ್ಲ ಶರಾವತಿ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅಕ್ಕನ ಹೊಲಿಗೆಯ ಕತ್ತರಿಯಿಂದ ಸಮ ಮಾಡಿಕೊಳ್ಳುತ್ತಿದ್ದಳು. ಉದುರಿದ್ದನ್ನು ಒಲೆಗೆ ಹಾಕುತ್ತಿದ್ದಳು. ಆ ಊರಿನಲ್ಲಿ ಅವಳದೇ ಎಂದು ಉಳಿದದ್ದು ಅದೊಂದೇ.

* * *

ಹಾಡಿನ ಆಸೆಗೆ ಮತ್ತೆ ಅಂಗಡಿಗೆ ಹೋದಳು. ಮತ್ತೆ ಮತ್ತೆ ಹೋದಳು.

ಮಾಸ್ತಪ್ಪ ತೀರ್ಥಹಳ್ಳಿ ಕಡೆಯವನು. ಮಾತು ಕಮ್ಮಿ. ಸ್ಟೇಷನ್ ಸರಿಯಾಗಿ ಹಿಡಿಯಲೆಂದು ಅಂಗಡಿಯ ಮಾಡಿನ ಮೇಲೆ ಹತ್ತಿ, ಬಿದಿರಿನ ಗಳ ಕಟ್ಟಿ ಏರಿಯಲ್ ಎತ್ತರಿಸಿದ. ಅವಳು ಬರುವ ಹೊತ್ತಿಗೆ ಬೇರೆ ಗಿರಾಕಿಗಳ ರೇಡಿಯೋ ಎಲ್ಲ ಬಾಯಿ ಮುಚ್ಚಿರುತ್ತಿದ್ದವು.

"ಆ ಊರಲ್ಲಿ ಇದನ್ನ ಎಂತಕ್ಕೆ ಕೇಳ್ತಾರೆ?" ಎಂದು ಒಮ್ಮೆ ಕೇಳಿದ.

ಅವಳು ಹೇಳಿದಳು. ನೆಲಮಾಳಿಗೆ, ಸ್ಕೂಟರು, ಕೋಟು, ಕಿವಿ ಮುಚ್ಚುವ ಕೂದಲಿನ ಹುಡುಗರು... ಎಲ್ಲ ಹೇಳಿದಳು. ತನ್ನ ತಲೆಯ ವಿಷಯ ಮಾತ್ರ ಬಾಯಿತನಕ ಬಂದು ನಿಂತಿತು. ಕಣ್ಣೆದುರು ತಾಯಿಯ ಮುಖ.

ಅವನು ಮೈಯೆಲ್ಲ ಕಿವಿಯಾಗಿ ಕೇಳಿದ. ಆಮೇಲೆ ಪುಟ್ಟ ಬಾಟಲಿಯೊಂದನ್ನು ಮುಂದಿಟ್ಟ. "ಗರುಗದ ಎಣ್ಣೆ. ನಮ್ಮವ್ವ ಕಾಸಿ ಕಳ್ಸಿದ್ದು. ಕೂದಲು ಬೇಗ ಬೆಳೀತದೆ."

ಇವನ ತಲೆಯ ಮೇಲೆ ಆ ಬಾಟಲಿಯನ್ನೇ ಒಡೆಯಬೇಕು ಅನ್ನಿಸಿತು ಅವಳಿಗೆ. ಅದೇ ಹೊತ್ತಿಗೆ ಆ ತಲೆಯನ್ನು ಎದೆಗೊತ್ತಿಕೊಳ್ಳಬೇಕು ಅಂತಲೂ...

ಬರುಬರುತ್ತ ಒಂದು ವಿಚಿತ್ರ ಕಂಡಳು. ಮಾಸ್ತಪ್ಪ ಕ್ಷೌರ ಮಾಡಿಸುವುದನ್ನು ಬಿಟ್ಟಿದ್ದ. ಸಂಕ್ರಾಂತಿಯ ಹೊತ್ತಿಗೆ ಕೂದಲು ಕಿವಿ ಮುಟ್ಟಿತು. ಶಿವರಾತ್ರಿಗೆ ಕಿವಿ ಮುಚ್ಚಿತು.

"ಎಂತದು ಮಾಸ್ತಪ್ಪ, ಕ್ಷೌರದಂಗಡಿಯವನ ಮೇಲೆ ಸಿಟ್ಟಾ? ಇಲ್ಲ ನಾಟಕದಲ್ಲಿ ಹೆಣ್ಣುಪಾತ್ರ ಸಿಕ್ತಾ?" ಎಂದು ಎದುರಿನ ಹೋಟೆಲಿನ ಮುಕುಂದಯ್ಯ ಬಂದವರೆದುರಿಗೆಲ್ಲ ಛೇಡಿಸುತ್ತಿದ್ದ. ಮಾಸ್ತಪ್ಪ ತಲೆಯೆತ್ತದೆ ತಂತಿ ಬೆಸೆಯುತ್ತಿದ್ದ.

ಶರಾವತಿಯ ಎದೆ ಹಾರಿತು. 'ನಾನು ಹೇಳಿದ್ದು ಇವನಿಗೆ ಅರ್ಥವಾಗಿದೆ! ನನ್ನ ಲೋಕವನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಾನೆ, ಅದೂ ಈ ಸಾಗರದ ಪೇಟೆಯ ನಡುವೆ...'

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಇಷ್ಟು ತಿಂಗಳಲ್ಲಿ ಮೊದಲ ಬಾರಿ ತಾನು ಒಬ್ಬಳೇ ಅಲ್ಲ ಅನ್ನಿಸಿತ್ತು.

* * *

ಯುಗಾದಿ ಕಳೆದು ಮಾಸ್ತಪ್ಪನ ಚಿಕ್ಕಪ್ಪ ತಿಮ್ಮಣ್ಣ ಹೆಣ್ಣು ಕೇಳಲು ಬಂದ. ಹುಲಿಯಮ್ಮನ ಮುಖ ಅರಳಿತು. ಬಾಗಿಲ ಹಿಂದೆ ನಿಂತ ಶರಾವತಿಯ ಮುಖವೂ.

"ನಮಗೇನೂ ಅವಸರ ಇಲ್ಲ ಹುಲಿಯಕ್ಕ" ಎಂದ ತಿಮ್ಮಣ್ಣ ಎಲೆಗೆ ಸುಣ್ಣ ಸವರುತ್ತ. "ಹುಡುಗಿಗೆ ಕೂದಲು ಬರ್ಲಿ. ಜಡೆಗೆ ಹೂ ಮುಡಿಸೋ ಹಾಗಾಗ್ಲಿ. ಆಮೇಲೇ ಮದುವೆ. ನಮ್ಮ ಹುಡುಗನೂ ಹರಕೆ ಹೊತ್ತಿದಾನಲ್ಲ."

"ಎಂತಾ ಹರಕೆ?" ಬಂಗಾರಮ್ಮ ಕೇಳಿದಳು.

"ನಿಮಗೆ ಹೇಳಿಲ್ವಾ ಅವ್ನು? ನಿಟ್ಟೂರಿಂದ ನಡ್ಕೊಂಡು ಕೊಲ್ಲೂರಿಗೆ ಹೋಗಿ, ಅಮ್ಮನವರ ಮುಂದೆ ಬಾಯಿಬಿಟ್ಟು ಹೇಳ್ಕೊಂಡಿದಾನೆ. ಶರಾವತಿ ಕೂದಲು ಭುಜ ಮುಟ್ಟೋ ತನಕ ನನ್ನ ತಲೆಗೂ ಕತ್ತರಿ ಮುಟ್ಸಲ್ಲ ಅಂತ. ಎಷ್ಟು ಎಣ್ಣೆ ಹಚ್ಚಿದ್ರೂ ಬೆಳೀತಿಲ್ಲ ಅಂತ ಕೊರಗ್ತಾನೆ ಪಾಪ."

ಶರಾವತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಅವಳು ಬಚ್ಚಲಲ್ಲಿ ಕೂತು ಕತ್ತರಿಸುತ್ತಿದ್ದಳು. ಅವನು ಅಂಗಡಿಯಲ್ಲಿ ಕೂತು ಬೆಳೆಸುತ್ತಿದ್ದ.

* * *

"ಈ ಕೂದಲು ಎಂತಕ್ಕೆ ಬಿಟ್ಟಿದ್ದು?" ಅಂಗಡಿಯ ಬಾಗಿಲಲ್ಲೇ ನಿಂತು ಶರಾವತಿ ಕೇಳಿದಳು.

ಮಾಸ್ತಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಚಿಕ್ಕಪ್ಪ ಹೇಳ್ಬಿಟ್ರಾ... ಬೇಡ ಅಂದಿದ್ದೆ."

"ನಾನೆಂತ ಅಂದ್ಕೊಂಡಿದ್ದೆ ಗೊತ್ತಾ? ನಾನು ಹೇಳಿದ್ನಲ್ಲ, ಆ ಹುಡುಗರ ಹಾಗೆ ನೀವೂ... ನನಗೋಸ್ಕರ ಬಿಟ್ರಿ ಅಂತ."

"ನಿಮಗೋಸ್ಕರವೇ ಅಲ್ವಾ?"

"ಅಲ್ಲ. ಕಾಯಿಲೆಯವಳಿಗೋಸ್ಕರ. ನಂಗೆ ಜ್ವರ ಬಂದಿರ್ಲಿಲ್ಲ ಮಾಸ್ತಪ್ಪ. ಅಲ್ಲಿ ಗೆಳತಿಯ ಅಡುಗೆಮನೇಲಿ ಕೂತು ನನ್ನ ಜಡೆ ನಾನೇ ಹೇಳಿ ಕತ್ತರಿಸ್ಕೊಂಡಿದ್ದು. ಚೆಂದ ಕಂಡಿತ್ತು, ಅದಕ್ಕೆ. ಇಲ್ಲಿ ಬಂದ ಮೇಲೂ ಕತ್ತರಿಸ್ತಾನೇ ಇದೀನಿ."

ಅವನು ಬಿಚ್ಚಿಟ್ಟಿದ್ದ ಸ್ಕ್ರೂಗಳನ್ನು ಡಬ್ಬಿಗೆ ಹಾಕಿದ.

"ನಾನು ಎಣ್ಣೆ ಕೊಟ್ಟಾಗ?"

"ಹಚ್ಕೊಂಡೆ. ಆಮೇಲೆ ಕತ್ತರಿಸಿದೆ."

"ಒಂದು ಮಾತು ಹೇಳ್ಬಹುದಿತ್ತು."

"ಹೌದು. ಹೇಳ್ಬೇಕಿತ್ತು."

"ಇಲ್ಲದ ಕಾಯಿಲೆಗೆ ದೇವಿ ಮುಂದೆ ಕಣ್ಣೀರು ಹಾಕಿದೀನಿ ನಾನು" ಎಂದ. ದನಿ ಏರಲಿಲ್ಲ. ಅದೇ ಅವಳನ್ನು ಹೆಚ್ಚು ಚುಚ್ಚಿತು. ಎದ್ದು ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಜೋಡಿಸತೊಡಗಿದ. ಹಾಗೆ ಮುಚ್ಚುವಾಗಲೂ, ಅವಳು ಇಳಿಯುವ ಮೆಟ್ಟಿಲಿನ ಕಡೆಯ ಹಲಗೆಯನ್ನು ಕೊನೆಗೆ ಬಿಟ್ಟಿದ್ದ.

ಮಾರನೆಯ ದಿನ ಅಂಗಡಿ ತೆರೆಯಲಿಲ್ಲ. ಅದರ ಮಾರನೆಯ ದಿನವೂ.

"ಕೊಲ್ಲೂರಿಗೆ ಹೋದ್ನಂತೆ, ತಲೆ ಬೋಳಿಸೋಕೆ" ಎಂದು ಮುಕುಂದಯ್ಯ ಎಲ್ಲರಿಗೂ ಹೇಳಿದ.

* * *

'ನನ್ನ ತಲೆ. ನನ್ನ ಕೂದಲು. ಇದಕ್ಕೆ ಊರು ಯಾಕೆ, ದೇವರು ಯಾಕೆ, ಅವನು ಯಾಕೆ...'

ಹೊರಟುಬಿಡಬೇಕು ಎಂದು ಪೆಟ್ಟಿಗೆ ತೆರೆದಳು. ಲಂಡನ್ನಿನಿಂದ ತಂದಿದ್ದ ಫ್ರಾಕನ್ನು ತಾಯಿ ಎಂದೋ ಒಲೆಗೆ ಹಾಕಿರುತ್ತಾಳೆ ಎಂದುಕೊಂಡಿದ್ದಳು. ತಳದಲ್ಲಿ ಅದು ಇತ್ತು. ಒಗೆದು ಮಡಚಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಹುಳ ಹಿಡಿಯದಂತೆ ನುಸಿಗುಳಿಗೆ ಇಟ್ಟಿದ್ದಳು ಹುಲಿಯಮ್ಮ.

ಶರಾವತಿ ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು.

ಹೊರಗೆ ಹೂವಮ್ಮ ಬಂದಿದ್ದಳು, ಕೈಯಲ್ಲಿ ತಂಬುಳಿಯ ಪಾತ್ರೆ. ಶರಾವತಿ ಕಣ್ಣೊರೆಸಿಕೊಂಡು ಜಗಲಿಗೆ ಬಂದಳು. ತಾಯಿ ನೋಡುತ್ತಿರುವಂತೆಯೇ ಹೇಳಿದಳು.

"ಹೂವಮ್ಮತ್ತೆ, ನಂಗೆ ಜ್ವರ ಬಂದೇ ಇರ್ಲಿಲ್ಲ. ಆಸೆಪಟ್ಟು ಕತ್ತರಿಸ್ಕೊಂಡಿದ್ದು. ಇನ್ನು ತಂಬುಳಿ ತರ್ಬೇಡಿ."

ಹೂವಮ್ಮ ಅವಳ ತಲೆಯನ್ನೊಮ್ಮೆ, ಪಾತ್ರೆಯನ್ನೊಮ್ಮೆ ನೋಡಿದಳು. ಹುಲಿಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು.

"ಜ್ವರ ಇಲ್ದೋರು ತಂಬುಳಿ ಉಣ್ಬಾರ್ದು ಅಂತ ಯಾರಂದ್ರು?" ಎಂದಳು ಹೂವಮ್ಮ. "ಒಂದೆಲಗ ಕಿತ್ತು ಕಿತ್ತು ನನ್ನ ಸೊಂಟ ಹೋಗಿದೆ. ಹಿಡಿ."

* * *

ಮೂರನೆಯ ದಿನ ಬೆಳಿಗ್ಗೆ ಅಂಗಡಿಯ ಹಲಗೆ ತೆಗೆದ ಸದ್ದು ಬಂತೆಂದು ಬಂಗಾರಮ್ಮನೇ ಬಂದು ತಂಗಿಗೆ ಹೇಳಿದಳು. ಶರಾವತಿ ತಲೆಗೆ ಸೆರಗು ಹೊದೆಯದೆ ಬೀದಿಗಿಳಿದಳು. ಮುಕುಂದಯ್ಯನ ಹೋಟೆಲಿನಲ್ಲಿ ಲೋಟಗಳು ಬಾಯಿಗೆ ಹೋಗುವುದನ್ನು ಮರೆತವು.

ಬೋಳು ತಲೆ ನೋಡಲು ಮನಸ್ಸು ಗಟ್ಟಿ ಮಾಡಿಕೊಂಡು ಒಳಗೆ ಕಾಲಿಟ್ಟಳು.

ಮಾಸ್ತಪ್ಪನ ಕೂದಲು ಹಾಗೇ ಇತ್ತು. ಎಣ್ಣೆ ಹಚ್ಚಿ ಬಾಚಿದ್ದ ಬೇರೆ.

"ಹರಕೆ ತೀರಿಸ್ಲಿಲ್ವಾ?"

"ಭಟ್ಟರ ಹತ್ರ ಕೇಳ್ದೆ. ತಪ್ಪುಕಾಣಿಕೆ ಹಾಕಿ ತಲೆ ಬೋಳಿಸ್ಕೋ, ಅಮ್ಮ ಮುನಿಯಲ್ಲ ಅಂದ್ರು. ಕ್ಷೌರಕ್ಕೆ ಕೂತಿದ್ದೆ."

"ಮತ್ತೆ?"

"ಅವನು ತಲೆಗೆ ನೀರು ಹಚ್ಚೋಕೆ ಮುಂಚೆ ಕೈಗೆ ಕನ್ನಡಿ ಕೊಟ್ಟ." ಮಾಸ್ತಪ್ಪ ನೆಲ ನೋಡಿದ. ಕಿವಿ ಕೆಂಪಾಗಿತ್ತು, ಕೂದಲ ಮರೆಯಲ್ಲೂ ಗೊತ್ತಾಗುವಷ್ಟು. "ನೋಡ್ಕೊಂಡೆ. ಎದ್ದು ಬಂದ್ಬಿಟ್ಟೆ."

"ಯಾಕೆ?"

"ನಂಗೆ ಇದು... ಇಷ್ಟ ಆಗಿದೆ ಶರಾವತಿ. ಹರಕೆಗಲ್ಲ. ಸುಮ್ನೆ. ಕಾರಣ ಕೇಳಿದ್ರೆ ಹೇಳೋಕೆ ಬರಲ್ಲ."

ಅವನು ತಲೆಯೆತ್ತಿದ.

"ಆ ಅಡುಗೆಮನೇಲಿ ನಿಮಗೂ ಹೀಗೇ ಆಗಿತ್ತಾ?"

ಇಷ್ಟು ತಿಂಗಳಲ್ಲಿ ಅವಳನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. ಹೌದೆಂದು ತಲೆಯಾಡಿಸಿದಳು.

"ನಿಮಗೆ ಸುಳ್ಳು ಹೇಳಿದ್ದು ತಪ್ಪು" ಎಂದಳು ಕಡೆಗೆ. "ನಿಮ್ಮ ಮಾತು ಉಳಿಯೋಕೆ ನಾನು ಭುಜದ ತನಕ ಬೆಳೆಸ್ತೀನಿ. ಒಂದೇ ಒಂದು ಸಲ."

"ಬೇಡ. ನಿಮ್ಮನ್ನ ಕೇಳಿ ಹೊತ್ತ ಹರಕೆ ಅಲ್ಲ ಅದು. ನನ್ನ ತಲೆ ನಾನು ನೋಡ್ಕೋತೀನಿ."

"ಜೀವನಪೂರ್ತಿ ಕೂದಲು ಬಿಡ್ಬೇಕಾಗುತ್ತೆ. ಜನ ನಗ್ತಾರೆ."

"ನಗ್ಲಿ. ನಿಮ್ಮನ್ನ ಇಷ್ಟು ದಿನ ಅಯ್ಯೋ ಪಾಪ ಅಂದ್ರಲ್ಲ, ಅದಕ್ಕಿಂತ ನಗೋದು ವಾಸಿ."

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿದವು. ಅವನು ಕೈಚಾಚಿ, ಅವಳ ಕಿವಿಯ ಹತ್ತಿರ ಚೂಪಾಗಿ ನಿಂತ ಕೂದಲ ತುದಿಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದ. ಬೆಸುಗೆ ಹಾಕಿದ ತಂತಿ ಆರಿದೆಯೋ ಇಲ್ಲವೋ ಎಂದು ಮುಟ್ಟುವ ಹಾಗೆ.

"ಈ ಕಡೆ ಒಂಚೂರು ಓರೆಯಾಗಿದೆ" ಎಂದ.

"ಬಚ್ಚಲಲ್ಲಿ ಕತ್ತಲೆ."

"ಇನ್ಮೇಲೆ ಬೆಳಕಲ್ಲಿ ಕೂತು ಮಾಡ್ಕೊಳ್ಳಿ. ಕನ್ನಡಿ ನಾನು ಹಿಡೀತೀನಿ."

ಹೊರಗೆ ಮುಕುಂದಯ್ಯ ಏನೋ ಕೂಗಿ ಹೇಳಿದ. ಯಾರೋ ನಕ್ಕರು. ಇಬ್ಬರೂ ತಿರುಗಿ ನೋಡಲಿಲ್ಲ.

"ನಾನು ವಾಪಸ್ ಹೋಗ್ಬೇಕು ಮಾಸ್ತಪ್ಪ" ಎಂದಳು ಅವಳು ಮೆತ್ತಗೆ. "ಕೆಲಸ ಅಲ್ಲಿದೆ. ಮಳೆಗಾಲಕ್ಕೆ ಮುಂಚೆ ಹಡಗು."

ಅವನು ಬಿಚ್ಚಿಟ್ಟಿದ್ದ ರೇಡಿಯೋಗಳನ್ನೆಲ್ಲ ಒಮ್ಮೆ ನೋಡಿದ. ಬಹಳ ಯೋಚಿಸಿ ಕೇಳಿದ.

"ಆ ಊರಲ್ಲೂ ರೇಡಿಯೋ ಕೆಡ್ತಾವಾ?"

"ಕೆಡ್ತಾವೆ."

"ಹಾಗಾದ್ರೆ ಸರಿ" ಎಂದ ಮಾಸ್ತಪ್ಪ.